ಹಸಿರು ಕಾರಿನ ಹಿಂದಿನ ಬಾಗಿಲು

ಹಳೆಯ ಕಾರುಗಳ ಪ್ರದರ್ಶನಕ್ಕೆಂದು ಆಫೀಸಿನಲ್ಲಿ ಮಾಡುತ್ತಿದ್ದ ಆ್ಯಪನ್ನು ಪರೀಕ್ಷಿಸಲು ಎಪ್ಪತ್ತು ದಾಟಿದವರೊಬ್ಬರು ಬೇಕಾಗಿದ್ದಾರೆ ಎಂದು ತಾನು ಮನೆಯಲ್ಲಿ ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ. “ಹೇಳಿದ್ರಿ, ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಹೇಳಿದ್ರಿ” ಎಂದಳು ಹೆಂಡತಿ. ಬಾಯಿ ತುಂಬ ನೊರೆ ಇಟ್ಟುಕೊಂಡು ಆಫೀಸಿನ ವಿಷಯ ಹೇಳುವಷ್ಟು ಮಾತುಗಾರ ತಾನಲ್ಲ. ಹಾಗಾದರೆ ಇವಳಿಗೆ ಹೇಳಿದವರು ಯಾರು? ಅವಳು ಅವನ ಷರ್ಟಿನ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ, ತಲೆಯೆತ್ತದೆ, “ಅಪ್ಪನ್ನೇ ಕರ್ಕೊಂಡು ಹೋಗಿ. ಸುಮ್ನೆ ಕಿಟಕಿ ಹತ್ರ ಕೂತಿರ್ತಾರೆ. ಕಾರು ಅಂದ್ರೆ ಅವರಿಗೆ ಜೀವ. ನೀವು ಮಾಡೋ ಕೆಲಸ ಏನೂಂತ ಅವರೂ ಒಂದ್ಸಲ ನೋಡ್ಲಿ” ಎಂದಳು. ಆ ಕೊನೆಯ ಮಾತು ಅವನಿಗೆ ಚುಚ್ಚಿತು. ಇಷ್ಟು ವರ್ಷ ಇಲ್ಲದ ಆಸೆ ಈಗೇಕೆ? ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಕಾರಣ ಹುಡುಕುತ್ತಾ ನಿಂತರೆ ಅದೇ ಒಂದು ಸಾಕ್ಷಿಯಾಗಿಬಿಡುತ್ತದೆ ಎಂದು ಹೆದರಿ, “ಆಗ್ಲಿ, ಅದಕ್ಕೇನಂತೆ” ಎಂದುಬಿಟ್ಟ. ಐದು ತಿಂಗಳ ಹಿಂದೆ ಆಫೀಸಿನಲ್ಲಿ ಅವನನ್ನು ತಂಡ ನಡೆಸುವ ಲೀಡ್ ಸ್ಥಾನದಿಂದ ತೆಗೆದಿದ್ದರು. ತೆಗೆದೆವು ಎಂಬ ಮಾತನ್ನು ಯಾರೂ ಬಳಸಲಿಲ್ಲ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮೇಲೆ ಸ್ವಲ್ಪ ಹಗುರ ಮಾಡ್ಕೊಳ್ಳಿ, ನೀವು ಆ್ಯಪಿನಲ್ಲಿ ಪಾರ್ಕಿಂಗ್ ಭಾಗ ನೋಡ್ಕೊಳ್ಳಿ ಎಂದಿದ್ದರು. ಅಷ್ಟೇ. ಮರುದಿನದಿಂದ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳಾದ ಒಬ್ಬಳು ಅವನ ಮೇಜಿನ ಎದುರು ನಿಂತು ಎಲ್ಲರಿಗೂ ಕೆಲಸ ಹಂಚತೊಡಗಿದಳು. ಮನೆಯಲ್ಲಿ ಅವನು ಇನ್ನೂ ‘ನಮ್ಮ ಹುಡುಗರು’, ‘ನಾನು ಒಪ್ಪಲಿಲ್ಲ’, ‘ನಾನು ಹಾಗಲ್ಲ ಹೀಗೆ ಮಾಡಿ ಅಂದೆ’ ಎಂದೇ ಮಾತಾಡುತ್ತಿದ್ದ. ಮೊದಲ ವಾರ ಹೇಳಲಾಗಲಿಲ್ಲ. ಎರಡನೇ ವಾರದ ಹೊತ್ತಿಗೆ ಮೊದಲ ವಾರ ಹೇಳದೆ ಇದ್ದದ್ದನ್ನೂ ಸೇರಿಸಿ ಹೇಳಬೇಕಾಯಿತು. ಆಮೇಲೆ ಅದು ಬೆಳೆಯುತ್ತಲೇ ಹೋಯಿತು.

ಕಾರಿನಲ್ಲಿ ಮಾವ ಪಕ್ಕದ ಸೀಟಿನಲ್ಲಿ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಕೂತಿದ್ದರು. ಹೆಂಡತಿಯ ಅಪ್ಪ, ಎರಡು ವರ್ಷದಿಂದ ಇವರ ಮನೆಯಲ್ಲೇ ಇರುವವರು, ನಲವತ್ತೈದು ವರ್ಷ ಕಾರುಗಳ ಟಿಂಕರಿಂಗ್ ಕೆಲಸ ಮಾಡಿದವರು. ನೆಗ್ಗಿದ್ದನ್ನು ಎತ್ತುವುದು, ಮಡಚಿದ್ದನ್ನು ಬಿಡಿಸುವುದು, ಹರಿದ ತಗಡಿಗೆ ತಗಡು ಬೆಸೆಯುವುದು. ಹೆಣ್ಣು ನೋಡಲು ಹೋದ ದಿನ ಅವರು ಅವನ ಮುಖಕ್ಕಿಂತ ಮೊದಲು ಕೈ ನೋಡಿದ್ದರು. ಹೂವಿನಂಥ ಕೈ ಎಂದು ಅವನಿಗೇ ಅನ್ನಿಸಿ ಅವನು ಕೈಯನ್ನು ಜೇಬಿಗಿಳಿಸಿದ್ದ. ಹತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ದನಿಯೇರಿಸಿದವರಲ್ಲ. ಅವರು ಅಳಿಯಂದಿರೇ ಎನ್ನುವರು, ಇವನು ಮಾವ ಎನ್ನುವನು. ನೀವು, ತಾವು, ಆಗಲಿ, ಸರಿ. ಆ ಮರ್ಯಾದೆಯ ಹಿಂದೆ ಏನಿದೆ ಎಂದು ಅವನು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದ. ಒಮ್ಮೆ ಯಾರೊಡನೆಯೋ ಫೋನಿನಲ್ಲಿ “ನಮ್ಮ ಅಳಿಯಂದ್ರು ಗಾಜಿನೊಳಗೆ ಬೊಂಬೆ ಕೂರಿಸೋ ಕೆಲಸ ಮಾಡ್ತಾರೆ” ಎಂದದ್ದು ಕೇಳಿಸಿತ್ತು. ಅದು ತಮಾಷೆಯೋ, ತಾತ್ಸಾರವೋ, ಅಥವಾ ಬರೀ ತಿಳಿದಷ್ಟನ್ನು ಹೇಳಿದ್ದೋ ಎಂದು ಆರು ತಿಂಗಳು ಯೋಚಿಸಿದ್ದ. ಈಗ ಮಾವ, “ಅಲ್ಲಿ ನಾನು ಏನು ಮಾಡ್ಬೇಕು?” ಎಂದು ಕೇಳಿದರು. “ಏನಿಲ್ಲ ಮಾವ. ಫೋನ್ ಕೊಡ್ತಾರೆ, ಐದು ಕೆಲಸ ಹೇಳ್ತಾರೆ. ನೀವು ಮಾಡ್ತಾ ಹೋಗೋದು. ನಾವು ನೋಡ್ತೀವಿ.” “ನನ್ನನ್ನ ನೋಡ್ತೀರಾ?” “ನಿಮ್ಮನ್ನಲ್ಲ, ಆ್ಯಪನ್ನ.” ಮಾವ ಹೂಂ ಎಂದರು. ಕೊಡ್ತಾರೆ, ಹೇಳ್ತಾರೆ ಎಂದುಬಿಟ್ಟೆನಲ್ಲ, ಕೊಡ್ತೀವಿ ಎನ್ನಬೇಕಿತ್ತು ಎಂದು ಅವನಿಗೆ ಎರಡು ಸಿಗ್ನಲ್ ದಾಟಿದ ಮೇಲೆ ಹೊಳೆಯಿತು. ಕಳ್ಳಗಣ್ಣಿನಿಂದ ನೋಡಿದ. ಮಾವ ಹೊರಗೆ ನಿಂತ ಒಂದು ಲಾರಿಯ ಜಜ್ಜಿದ ಮೂತಿಯನ್ನು ನೋಡುತ್ತಿದ್ದರು.

ಪ್ರದರ್ಶನ ಮರುದಿನ ಶುರುವಾಗುವುದಿತ್ತು. ತಗಡಿನ ಸೂರಿನ ದೊಡ್ಡ ಹಾಲಿನಲ್ಲಿ ನೂರಾ ಹತ್ತು ಹಳೆಯ ಕಾರುಗಳು, ಕೆಲವಕ್ಕೆ ಇನ್ನೂ ಬಟ್ಟೆಯ ಮುಸುಕು. ಏಣಿಗಳು, ನೆಲದ ಮೇಲೆ ಹಾವಿನ ಹಾಗೆ ಬಿದ್ದ ವೈರುಗಳು, ಹೊಸ ರತ್ನಗಂಬಳಿಯ ಅಂಟಿನ ವಾಸನೆ. ನೋಡಲು ಬರುವವರು ಕಾರಿನ ಪಕ್ಕದ ಫಲಕಕ್ಕೆ ಫೋನು ಹಿಡಿದರೆ ಆ ಕಾರಿನ ಕಥೆ ತೆರೆದುಕೊಳ್ಳಬೇಕು. ಹಾಲಿನ ನಕ್ಷೆ ಇರಬೇಕು. ಇಷ್ಟವಾದ ಕಾರಿಗೆ ಮತ ಹಾಕುವಂತಿರಬೇಕು. ಕೊನೆಗೆ ಹೊರಟಾಗ ತಮ್ಮ ಸ್ವಂತ ಕಾರನ್ನು ಎಲ್ಲಿ ನಿಲ್ಲಿಸಿದ್ದೆವು ಎಂದು ಮರೆತವರಿಗೆ ದಾರಿ ತೋರಿಸಬೇಕು. ಈ ಕೊನೆಯದು ಅವನ ಪಾಲಿನದು. ನೂರಾ ಹತ್ತು ಕಾರುಗಳ ಕಥೆಯಲ್ಲಿ ಅವನಿಗೆ ಸಿಕ್ಕದ್ದು, ಹೊರಗೆ ಬಿಸಿಲಿನಲ್ಲಿ ನಿಂತ, ಯಾರೂ ನೋಡಲು ಬರದ ಕಾರುಗಳು. ಹೊಸ ಲೀಡ್ ದೂರದಿಂದಲೇ ಕೈಯೆತ್ತಿ ಓಡಿಬಂದಳು. “ಸರ್, ಬಂದ್ರಾ. ಇವರೇ ಅಲ್ವಾ ನಿಮ್ಮ ಮಾವ? ನಮಸ್ಕಾರ. ಸರ್, ಒಂದು ಕುರ್ಚಿ ತರ್ತೀರಾ ಇವರಿಗೆ? ಆ ಕಡೆ ಮೂಲೇಲಿದೆ. ಹಂಗೇ ನೀರಿನ ಬಾಟ್ಲಿ.” ಸರ್ ಎಂದು ಕರೆದು ಕುರ್ಚಿ ತರಿಸುವ ಈ ವಿದ್ಯೆಯನ್ನು ಇವಳು ಎಲ್ಲಿ ಕಲಿತಳೋ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವನು ಹೋಗಿ ಕುರ್ಚಿ ಬಿಡಿಸಿಟ್ಟ, ನೀರು ತಂದ, ಬಗ್ಗಿದಾಗ ಮಾವನ ಕಣ್ಣು ತನ್ನ ಬೆನ್ನ ಮೇಲಿದೆ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು, ತಿರುಗಿದಾಗ ಮಾತ್ರ ಅವರು ಸೂರಿನ ಕಬ್ಬಿಣದ ತೊಲೆಗಳನ್ನು ನೋಡುತ್ತಿದ್ದರು.

ಪರೀಕ್ಷೆಯ ನಿಯಮ ಒಂದೇ: ಪಕ್ಕದಲ್ಲಿ ಕೂತವರು ಸಹಾಯ ಮಾಡಬಾರದು. ಈ ನಿಯಮವನ್ನು ಆಫೀಸಿಗೆ ತಂದವನು ಅವನೇ. ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಟನ್ನಿನ ಮೇಲೆ ಬೆರಳಿಟ್ಟರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ನಾಲ್ಕನೇ ಸಲ ಒತ್ತಿದಾಗ ಅವರ ಉಗುರಿನ ತುದಿ ಬಿಳಿಚಿತು. ಸುತ್ತ ನಿಂತಿದ್ದ ಇಬ್ಬರು ಸಹೋದ್ಯೋಗಿಗಳು ತಮ್ಮ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆಯುವುದಿದೆ ಅದರಲ್ಲಿ? ಸುತ್ತಿಗೆ ಹಿಡಿದು, ಬಿಸಿ ತಗಡು ಮುಟ್ಟಿ ಮುಟ್ಟಿ ತೊಗಲಿನಂತಾಗಿದ್ದ ಬೆರಳು, ಅದನ್ನು ಗಾಜು ಬೆರಳೆಂದು ಒಪ್ಪಿಕೊಳ್ಳುತ್ತಿರಲಿಲ್ಲ. ಅವನ ಕೈ ಮುಂದೆ ಹೋಗಿ ವಾಪಸ್ಸು ಬಂತು. ಮಾವ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಒತ್ತಿದರು. “ಗಾಜಿಗೆ ನನ್ನ ಗುರುತು ಹತ್ತಲಿಲ್ಲ” ಎಂದರು. ಯಾರೋ ನಕ್ಕರು. ಲೀಡ್ ಮಾತ್ರ ನೆಲದ ಮೇಲೆ ಮಂಡಿಯೂರಿ ಅವರ ಎದುರು ಕೂತಳು. “ತಪ್ಪು ನಿಮ್ಮದಲ್ಲ ಅಪ್ಪಾಜಿ, ನಮ್ಮ ಬಟನ್ನಿಂದು. ಒತ್ತೋದೇ ಬೇಡ ಹಾಗಾದ್ರೆ. ಫೋನ್ ಫಲಕಕ್ಕೆ ಹಿಡಿದ್ರೆ ಸಾಕು, ಅದೇ ಗಟ್ಟಿಯಾಗಿ ಓದಿಬಿಡಲಿ.” ಮೂರು ತಿಂಗಳ ಹಿಂದೆ ಮೀಟಿಂಗಿನಲ್ಲಿ ಅವನು ಹೇಳಿದ್ದ ಮಾತದು, ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಷ್ಟರಲ್ಲಿ ಅವಳು ಉಳಿದವರ ಕಡೆ ತಿರುಗಿ, “ಸರ್ ಇದನ್ನ ಮೊದಲೇ ಹೇಳಿದ್ರು, ನಾವೇ ಬಿಟ್ವಿ” ಎಂದಳು. ಕದ್ದಿದ್ದರೆ ಸಿಟ್ಟಾಗಬಹುದಿತ್ತು. ಹೀಗೆ ಎಲ್ಲರೆದುರು ಹಿಂದಿರುಗಿಸಿದ್ದರ ಅರ್ಥವೇನು? ತನಗೆ ಬೇಕಾದಷ್ಟಿದೆ, ಇದೊಂದು ನಿಮಗಿರಲಿ ಎಂದೇ?

ಆ ಓದುವ ದನಿಯನ್ನು ಅಲ್ಲೇ ಒಂದು ಗಂಟೆಯಲ್ಲಿ ಜೋಡಿಸಿದರು. ಮಾವನಿಗೆ ಉತ್ಸಾಹ ಬಂದುಬಿಟ್ಟಿತು. ಫೋನನ್ನು ಟಾರ್ಚಿನ ಹಾಗೆ ಹಿಡಿದುಕೊಂಡು ಕಾರಿಂದ ಕಾರಿಗೆ ನಡೆದರು. ಅವನು ಎರಡು ಹೆಜ್ಜೆ ಹಿಂದೆ, ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡು. ಮೂರನೇ ಸಾಲಿನಲ್ಲಿ ಒಂದು ಹಸಿರು ಕಾರಿನ ಮುಂದೆ ಮಾವ ನಿಂತರು. ನಾಲ್ಕು ಬಾಗಿಲಿನದು, ದುಂಡು ಬೆನ್ನಿನದು. ಫೋನು ಹೆಣ್ಣುದನಿಯಲ್ಲಿ ಓದಿತು: ಐವತ್ತು ವರ್ಷಗಳಿಂದ ಒಂದೇ ಮನೆಯ ಕಾರು. ಒಬ್ಬ ಟೀಚರ್ ತಮ್ಮ ಶಾಲೆಗೆ ಇದನ್ನು ಓಡಿಸಿಕೊಂಡು ಹೋಗುತ್ತಿದ್ದರು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಇಂದಿಗೂ ಹಾಗೇ. ಇದರ ಮೈಗೆ ಒಂದು ಸಲವೂ ಸುತ್ತಿಗೆ ತಾಗಿಲ್ಲ. ಮಾವ ಇನ್ನೊಮ್ಮೆ ಹಿಡಿದು ಇನ್ನೊಮ್ಮೆ ಕೇಳಿದರು. ಆಮೇಲೆ ಫೋನನ್ನು ಜೇಬಿಗೆ ಹಾಕಿ, ಬಗ್ಗಿ, ಕಾರಿನ ಪಕ್ಕೆಯ ಉದ್ದಕ್ಕೂ, ಹಿಂದಿನ ಬಾಗಿಲಿನ ಕೆಳಗೆ, ಅಂಗೈ ಆಡಿಸಿದರು. ಅವರ ಮುಖದಲ್ಲಿ ಅವನು ಎಂದೂ ಕಾಣದ ಒಂದು ಕಳೆ ಬಂತು. “ಅಳಿಯಂದಿರೇ, ಬನ್ನಿ ಇಲ್ಲಿ. ಕೈ ಇಡಿ. ಏನಾದ್ರೂ ಸಿಗುತ್ತಾ?” ಅವನು ಕೈಯಿಟ್ಟ. ತಣ್ಣನೆಯ, ನುಣುಪಾದ ತಗಡು. “ಇಲ್ಲ.” “ಸಿಗಲ್ಲ” ಎಂದರು ಮಾವ, ಸಣ್ಣ ದನಿಯಲ್ಲಿ. “ಇದು ಎರಡು ಕಾರು. ಮುಂದಿನ ಅರ್ಧ ಒಂದು, ಹಿಂದಿನ ಅರ್ಧ ಇನ್ನೊಂದು. ಕೂಡಿಸಿದ್ದು ನಾನು, ನಲವತ್ತೊಂದು ವರ್ಷದ ಹಿಂದೆ, ನನ್ನ ಶೆಡ್ಡಲ್ಲಿ, ಬಾಗಿಲು ಹಾಕ್ಕೊಂಡು. ಒಂದು ಕೂದಲೆಳೆ ಬಿರುಕಿಲ್ಲ ನೋಡಿ.” ಸುತ್ತ ನೋಡಿದರು. “ಯಾರಿಗೂ ಹೇಳಿಲ್ಲ ಇದುವರೆಗೆ. ನಿಮ್ಮ ಅತ್ತೆಗೂ ಹೇಳಿರ್ಲಿಲ್ಲ. ನಮ್ಮಿಬ್ಬರಲ್ಲೇ ಇರ್ಲಿ.” ಅವನು ಆಗಲಿ ಮಾವ ಎಂದ. ಮನಸ್ಸಿನಲ್ಲಿ ಅಂದುಕೊಂಡದ್ದು ಬೇರೆ. ಹತ್ತು ಜನರೆದುರು ಬೆರಳು ಸೋತಿತಲ್ಲ, ಅದಕ್ಕೆ ಈಗ ಒಂದು ಪರಾಕ್ರಮ ಬೇಕಾಗಿದೆ ಮುದುಕರಿಗೆ. ಜಗತ್ತಿನಲ್ಲಿ ಹಸಿರು ಕಾರು ಒಂದೇ ಇರುತ್ತದೆಯೇ? ಒಂದು ಪಕ್ಷ ನಿಜವೇ ಆಗಿದ್ದರೆ ಇಷ್ಟು ವರ್ಷ ಬಾಯಿ ಬಿಡದವರು ಇವತ್ತು, ಅದೂ ತನಗೆ, ಯಾಕೆ ಹೇಳಬೇಕು?

ನಂಬಲಿಲ್ಲ. ಇದನ್ನು ಅವನು ಆಮೇಲೆ ಎಷ್ಟು ತಿರುವಿ ಹಾಕಿದರೂ ತಪ್ಪಿಸಿಕೊಳ್ಳಲಾಗಲಿಲ್ಲ: ಆಗ ಅವನು ಆ ಮಾತನ್ನು ನಂಬಿರಲಿಲ್ಲ. ಮಧ್ಯಾಹ್ನ ಹಳೆ ಕಾರುಗಳ ಸಂಘದ ಕಾರ್ಯದರ್ಶಿ ಬಂದರು. ಇಡೀ ಪ್ರದರ್ಶನ ಅವರದು, ಆ್ಯಪ್ ಮಾಡಿಸುತ್ತಿದ್ದವರೂ ಅವರೇ. ಕೋಲಿನ ಹಾಗೆ ನೆಟ್ಟಗಿನ ಮನುಷ್ಯ, ಮಾತಾಡುವಾಗ ಎದುರಿನವರ ಟೈ ನೋಡುವವರು. ಲೀಡ್ ಅವರಿಗೆ ಒಂದೊಂದೇ ಸ್ಕ್ರೀನು ತೋರಿಸುತ್ತಾ ಹೋದಳು. ಪಾರ್ಕಿಂಗಿನದು ಬಂದಾಗ, “ಇದು ಚಿಕ್ಕದು, ಆದ್ರೆ ಜನ ಹೆಚ್ಚು ಬಳಸೋದು ಇದನ್ನೇ” ಎಂದಳು. ಚಿಕ್ಕದು ಎಂಬ ಮಾತು ಅವನ ಕಿವಿಯಲ್ಲಿ ಉಳಿಯಿತು, ಉಳಿದದ್ದು ಉದುರಿಹೋಯಿತು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡು ಕೇಳಿದರು: “ಕಥೆಗಳೆಲ್ಲ ಸರಿಯಿವೆ ತಾನೆ? ರಿಪೇರಿಯೇ ಕಾಣದ, ಮುಟ್ಟದ ಕಾರು ಅಂತ ಬೇರೆ ವಿಭಾಗವೇ ಮಾಡಿದೀವಿ. ಅದ್ರಲ್ಲಿ ಏನಾದ್ರೂ ಎಡವಟ್ಟಾದ್ರೆ ಸಂಘದ ಮಾನ ಹೋಗುತ್ತೆ.” “ಎಲ್ಲಾ ನಾನೇ ಖುದ್ದಾಗಿ ಹೋಗಿ ಕೇಳಿ ಬರೆದಿದ್ದು” ಎಂದಳು ಲೀಡ್. ಆ ‘ನಾನೇ’ ಎಂಬ ಪದದ ಮೇಲೆ ಅವಳು ಒತ್ತು ಕೊಟ್ಟಳೋ ಇಲ್ಲವೋ. ಅವನಿಗೆ ಕೊಟ್ಟ ಹಾಗೆ ಕೇಳಿಸಿತು. “ಒಂದು ಬಿಟ್ಟು” ಎಂದ ಅವನು. ತನ್ನ ದನಿ ಇಷ್ಟು ಶಾಂತವಾಗಿರಬಲ್ಲದು ಎಂದು ಅವನಿಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ಐದು ತಿಂಗಳಲ್ಲಿ ಮೊದಲ ಸಲ ಎಲ್ಲರೂ ಅವನ ಕಡೆ ತಿರುಗಿದ್ದರು. ಅವನು ಹೇಳಿದ. ಎರಡು ಅರ್ಧ, ಹಿಂದಿನ ಬಾಗಿಲಿನ ಕೆಳಗೆ ಬೆಸುಗೆ, ಕೂಡಿಸಿದವರು ಇಲ್ಲೇ ಇದ್ದಾರೆ. ಹೇಳುತ್ತಿರುವಾಗ ಅವಳ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿದ. ಬಿಸಿಲಲ್ಲಿ ನಡೆದು ಬಂದವನಿಗೆ ತಣ್ಣೀರು ಸಿಕ್ಕ ಹಾಗಾಯಿತು. ಅದು ನಿಜವಾಗಿ ಸುಖವೇ ಆಗಿತ್ತು. ಅದಕ್ಕೆ ಬೇರೆ ಹೆಸರಿರಲಿಲ್ಲ.

ಹಸಿರು ಕಾರಿನ ಪಕ್ಕದಲ್ಲಿ ಅದರ ಒಡತಿ ಬಂದು ಕೂತಿದ್ದು ಅವನಿಗೆ ತಿಳಿದಿರಲಿಲ್ಲ. ಎಂಬತ್ತರ ಟೀಚರ್, ಬೆಳ್ಳಗಿನ ಕೂದಲನ್ನು ಗಂಟು ಹಾಕಿ, ಒಂದು ಹಳದಿ ಬಟ್ಟೆಯಿಂದ ಕಾರಿನ ಕನ್ನಡಿ ಒರೆಸುತ್ತಿದ್ದರು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಏಳುವಾಗ ಕಾರನ್ನೇ ಆನಿಕೊಂಡು ಎದ್ದರು. ಕಾರ್ಯದರ್ಶಿ ಹಿಂದುಮುಂದು ನೋಡದೆ ವಿಷಯ ತೆಗೆದರು. ಟೀಚರ್ ಅವರ ಮಾತನ್ನು, ಪಾಠ ಒಪ್ಪಿಸುವ ಮಗುವನ್ನು ಕೇಳುವ ಹಾಗೆ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡರು. “ಹೀಗಂತ ಯಾರು ಹೇಳಿದ್ರು?” ಅವನು ಮಾವನನ್ನು ಕರೆತರಲು ಹೋದ. ಅವರು ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. “ಮಾವ, ಸ್ವಲ್ಪ ಬನ್ನಿ. ಆ ಕಾರಿನ ವಿಷಯ.” ಮಾವ ಲೋಟವನ್ನು ಕೆಳಗಿಟ್ಟು ಅವನ ಮುಖ ನೋಡಿದರು. ಎದ್ದು ಬಂದರು. ಅಷ್ಟು ದೂರ ಇಬ್ಬರೂ ನಡೆದದ್ದು ಬಹಳ ಹೊತ್ತು ಹಿಡಿದ ಹಾಗೆ ಅವನಿಗೆ ಅನ್ನಿಸಿತು. ಇಬ್ಬರ ಚಪ್ಪಲಿಯ ಸದ್ದು ಬೇರೆ ಬೇರೆ ಕೇಳುತ್ತಿತ್ತು.

ಕಾರ್ಯದರ್ಶಿ ಕೇಳಿದರು: “ಯಜಮಾನರೇ, ಈ ಕಾರನ್ನ ನೀವು ರಿಪೇರಿ ಮಾಡಿದ್ದು ಹೌದಾ?” ಮಾವ ಕಾರನ್ನು ನೋಡಲಿಲ್ಲ. ಟೀಚರನ್ನು ನೋಡಿದರು, ಅವರ ಕಾಲನ್ನು, ಹಳದಿ ಬಟ್ಟೆಯನ್ನು. “ಇಲ್ಲ ಸ್ವಾಮಿ” ಎಂದರು. “ಇಂಥದ್ದೇ ಇನ್ನೊಂದಿತ್ತು. ವಯಸ್ಸಾಯ್ತು ನೋಡಿ, ಬಣ್ಣ ಒಂದೇ ಇದ್ರೆ ಎಲ್ಲಾ ಒಂದೇ ಅನ್ಸುತ್ತೆ. ಅಳಿಯಂದ್ರ ಹತ್ರ ಏನೋ ಬಾಯಿತಪ್ಪಿ ಅಂದೆ.” ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅವನು ಅಂದುಕೊಂಡ: ನೋಡು, ಇದಕ್ಕೇ ಕಾದಿದ್ದರು. ಹತ್ತೊಂಬತ್ತು ವರ್ಷ ಕಾದು, ಜನ ಸೇರಿದ ಕಡೆ ಕಾಲೆಳೆದರು. ಬೆಳಿಗ್ಗೆಯೇ ಹೂಡಿದ್ದ ಆಟ ಇದು. ಕಾರ್ಯದರ್ಶಿ ಈಗ ಅವನ ಟೈ ಇರಬೇಕಾದ ಜಾಗವನ್ನು ನೋಡುತ್ತಾ, “ಇಂಥ ಮಾತು ಆಡೋ ಮುಂಚೆ ಸ್ವಲ್ಪ ವಿಚಾರಿಸ್ಬೇಕಲ್ವಾ? ಹಿರಿಯರನ್ನ ನೋಯಿಸೋದಾ?” ಎಂದರು. “ನಾನೇ ಹೇಳಿದ್ದು” ಎಂದಳು ಲೀಡ್, ಅವನ ಪಕ್ಕಕ್ಕೆ ಬಂದು ನಿಂತು. “ಮುಟ್ಟದ ಕಾರುಗಳ ಬಗ್ಗೆ ಸಣ್ಣ ಅನುಮಾನ ಬಂದ್ರೂ ನಿಮ್ಮೆದುರಿಗೇ ಹೇಳಿಬಿಡಿ ಅಂತ ಸರ್‌ಗೆ ನಾನೇ ಹೇಳಿದ್ದೆ. ಅವರ ಕೆಲಸ ಅವರು ಮಾಡಿದ್ರು. ತಪ್ಪಿದ್ರೆ ನನ್ನದು.” ಅಂಥ ಮಾತನ್ನು ಅವಳು ಹೇಳಿಯೇ ಇರಲಿಲ್ಲ.

ಎಲ್ಲರೂ ಚದುರುತ್ತಿದ್ದರು. ಟೀಚರ್ ಹಿಂದಿನ ಸೀಟಿನಿಂದ ತಮ್ಮ ಚೀಲ ತೆಗೆದುಕೊಂಡು, ಬಾಗಿಲು ತೆರೆದೇ ಬಿಟ್ಟು, ಮಾವನನ್ನು ಕರೆದರು. “ಇದೊಂದು ಬಾಗಿಲು ಹಾಕ್ತೀರಾ? ನನ್ನ ಕೈಲಿ ಆಗಲ್ಲ, ತುಂಬ ಹಟ ಅದಕ್ಕೆ.” ಮಾವ ಹೋಗಿ ಹಿಡಿ ಹಿಡಿದರು. ತಳ್ಳಲಿಲ್ಲ. ಬೆರಳೆರಡು ಕೆಳಗಿಟ್ಟು ಬಾಗಿಲನ್ನು ಒಂದು ನೂಲಿನಷ್ಟು ಮೇಲಕ್ಕೆತ್ತಿ, ತಮ್ಮ ಕಡೆ ಒಂದಿಷ್ಟು ಎಳೆದು, ಆಮೇಲೆ ಒಳಕ್ಕೆ ಬಿಟ್ಟರು. ಕ್ಲಿಕ್ ಎಂದು ಮೆತ್ತಗೆ ಕೂತಿತು. ಅವರ ಕೈಗೆ ಅದು ಮೊದಲೇ ಗೊತ್ತಿತ್ತು. ಕೈ ತಾನಾಗಿ ಮಾಡಿತ್ತು. ಮಾಡಿದ್ದು ಅವರಿಗೆ ಆಮೇಲೆ ತಿಳಿದಂತೆ, ಹಿಡಿಯ ಮೇಲಿಂದ ಬೆರಳು ತೆಗೆಯದೆ ನಿಂತರು. ಟೀಚರ್ ಅದನ್ನು ನೋಡಿದರು. “ಹೌದು” ಎಂದರು, “ಹಾಗೇ ಹಾಕ್ಬೇಕು. ನಮ್ಮ ಮನೆಯವರೂ ಹಾಗೇ ಹಾಕ್ತಿದ್ರು. ನಾನು ಆಸ್ಪತ್ರೆಯಿಂದ ಬಂದ ಮೇಲೆ ಅವರೇ ತೋರಿಸ್ಕೊಟ್ಟಿದ್ದು.” ಆಮೇಲೆ ಕನ್ನಡಿ ಒರೆಸಲು ಹೋದರು. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದ್ದ. ನಿಜ. ಬೆಳಿಗ್ಗೆ ಕೇಳಿದ್ದೇ ನಿಜ. ಅದು ಆ ಟೀಚರಿಗೂ ಇಷ್ಟು ವರ್ಷ ಗೊತ್ತಿತ್ತು.

ವಾಪಸ್ಸು ಬರುವಾಗ ಬಿಸಿಲು ಓರೆಯಾಗಿತ್ತು. ರಸ್ತೆಯ ಮೇಲೆ ವಾಹನಗಳು ಮೂತಿಗೆ ಬಾಲ ಹಚ್ಚಿ ನಿಂತಿದ್ದವು. ಮಾವ ಮತ್ತೆ ಪಕ್ಕದ ಸೀಟಿನಲ್ಲಿ ಕೂತಿದ್ದರು. ಇವರು ಇನ್ನು ಮನೆಗೆ ಹೋಗಿ ಮಗಳಿಗೆ ಹೇಳುತ್ತಾರೆ. ಬಹುಶಃ ಅದಕ್ಕೇ ಅವಳು ಕಳಿಸಿದ್ದು. ಬೆಳಿಗ್ಗೆ ಇಸ್ತ್ರಿ ಮಾಡುತ್ತಾ ತಲೆಯೆತ್ತದಿದ್ದದ್ದು ಅದಕ್ಕೇ. ಹೀಗೆ ಮನಸ್ಸು ತನ್ನ ಹಳೆಯ ಗಾಡಿಜಾಡಿನಲ್ಲಿ ಓಡುತ್ತಿತ್ತು, ಆದರೆ ಅದರ ಗಾಲಿಯಲ್ಲಿ ಗಾಳಿ ಇರಲಿಲ್ಲ. ಕೊನೆಗೆ ಅವನೇ ಕೇಳಿದ. “ಯಾಕೆ ಹಾಗಂದ್ರಿ ಮಾವ?”

“ಆಯಮ್ಮನ ಗಂಡ ನನ್ನ ಶೆಡ್ಡಿಗೆ ಬಂದಿದ್ರು” ಎಂದರು ಮಾವ, ಮುಂದಿನ ಗಾಜನ್ನು ನೋಡುತ್ತಾ. “ಹಿಂದಿನಿಂದ ಲಾರಿ ಗುದ್ದಿತ್ತು. ಆಕೆ ಆಸ್ಪತ್ರೇಲಿ, ಕಾಲು ಉಳಿಯುತ್ತೋ ಇಲ್ವೋ ಅನ್ನೋ ಹಾಗಿತ್ತು. ಅವಳು ಮನೆಗೆ ಬಂದಾಗ ಕಾರು ಹಾಗೇ ಇರ್ಬೇಕು, ಏನೂ ಆಗೇ ಇಲ್ಲ ಅನ್ನೋ ಹಾಗೆ ಅಂದ್ರು. ನನ್ನ ಕೈ ಹಿಡ್ಕೊಂಡು ಅತ್ರು ಮನುಷ್ಯ. ಯಾರಿಗೂ ಹೇಳ್ಬೇಡ ಅಂದ್ರು. ಆಯ್ತು ಅಂದೆ.” ಕೈಗಳನ್ನು ತೊಡೆಯ ಮೇಲೆ ಮಗುಚಿದರು. “ನಿಮಗೆ ಹೇಳಿದ್ದು ನನ್ನ ತಪ್ಪು. ಆ ಬೆಸುಗೆ ಅಷ್ಟು ವರ್ಷ ತಡ್ಕೊಂಡಿರೋದು ನೋಡಿ ತಡೀಲಿಲ್ಲ ನನಗೆ. ಒಬ್ಬರಿಗಾದ್ರೂ ತೋರಿಸ್ಬೇಕು ಅನ್ನಿಸ್ತು. ಕೆಲಸ ಅಂದ್ರೆ ಏನು ಅಂತ ಗೊತ್ತಿರೋರು ನೀವೊಬ್ರೇ ಅಲ್ಲಿದ್ದಿದ್ದು.”

ಅವನು ಗೇರು ಬದಲಿಸಿದ. ಬದಲಿಸಬೇಕಾದ ಅಗತ್ಯ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಕಿವಿಗೊಟ್ಟು ಕೇಳುತ್ತಿದ್ದವನಿಗೆ ಈಗ ಕೇಳಿಸಿದ್ದು ಇದು. ಕೇಳಿಸಿಕೊಳ್ಳುವ ಯೋಗ್ಯತೆಯನ್ನು ಅವನು ಎರಡು ಗಂಟೆಯ ಹಿಂದೆ ಕಳೆದುಕೊಂಡಿದ್ದ. ಕ್ಷಮಿಸಿ ಎನ್ನಬೇಕೆಂದುಕೊಂಡ. ಬಾಯಿಂದ ಬಂದದ್ದು, “ನಾನು ಅಲ್ಲಿ ಲೀಡ್ ಅಲ್ಲ ಮಾವ.” “ಗೊತ್ತಾಯ್ತು, ಕುರ್ಚಿ ತರೋಕೆ ಹೋದ್ರಲ್ಲ ಆಗ” ಎಂದರು ಮಾವ. “ಅದ್ರಲ್ಲೇನಿದೆ. ನಾನೂ ಶೆಡ್ಡು ಹಾಕೋ ಮುಂಚೆ ಇನ್ನೊಬ್ಬರ ಕೈಕೆಳಗೆ ಇದ್ದೋನೇ.” ಹಿಂದಿನಿಂದ ಯಾರೋ ಹಾರನ್ ಬಾರಿಸಿದರು.

ಮನೆಗೆ ಬಂದಾಗ ಹೆಂಡತಿ ಬಾಲ್ಕನಿಯ ಹಗ್ಗದಿಂದ ಒಣಗಿದ ಬಟ್ಟೆ ತೆಗೆದು ತಂದು ಸೋಫಾದ ಮೇಲೆ ಗುಡ್ಡೆ ಹಾಕಿಕೊಂಡು ಮಡಿಸುತ್ತಿದ್ದಳು. “ಹೇಗಾಯ್ತಪ್ಪ?” ಎಂದಳು, ಅವನನ್ನಲ್ಲ, ಅಪ್ಪನನ್ನು. ಮಾವ ಚಪ್ಪಲಿ ಬಿಡುತ್ತಾ ನಕ್ಕರು. “ಚೆನ್ನಾಗಾಯ್ತು. ನನ್ನ ಬೆರಳು ಕೆಲಸಕ್ಕೆ ಬರಲಿಲ್ಲ, ಆದ್ರೆ ಇವರು ಮೊದಲೇ ಯೋಚನೆ ಮಾಡಿಟ್ಟಿದ್ರು, ಫೋನೇ ಓದುತ್ತೆ. ಅಲ್ಲಿ ಎಲ್ಲರೂ ಅಳಿಯಂದ್ರನ್ನ ಕೇಳಿಯೇ…” ಅದೇ ಮುಖ. ಒಂದು ಗೆರೆ ಅಲುಗದ, ಹಸಿರು ಕಾರಿನ ಮುಂದೆ ಇಲ್ಲ ಸ್ವಾಮಿ ಎಂದ ಮುಖ. ಎಷ್ಟು ನುಣುಪಾಗಿ ಕೂಡಿಸುತ್ತಿದ್ದಾರೆ. ಕೈಯಾಡಿಸಿದರೂ ಸಿಗದ ಹಾಗೆ. ಇವರು ಸುಮ್ಮನೆ ಮುಂದುವರಿಸಿದರೆ ಇನ್ನೂ ನಲವತ್ತು ವರ್ಷ ಯಾರಿಗೂ ತಿಳಿಯುವುದಿಲ್ಲ. ಅವಳು ಮಡಿಸುತ್ತಿದ್ದದ್ದು ಅವನದೇ ಷರ್ಟು.

“ಮಾವ, ಬೇಡ” ಎಂದ ಅವನು.

ಮಾವ ಮಾತು ನಿಲ್ಲಿಸಿದರು. ಹೆಂಡತಿ ತಲೆಯೆತ್ತಿದಳು. ಈ ನೋಟದಲ್ಲಿ ಏನಿದೆ, ಮೊದಲೇ ಗೊತ್ತಿತ್ತೋ ಇಲ್ಲವೋ, ಎಂದು ಹುಡುಕಲು ಅವನ ಕಣ್ಣು ಅಭ್ಯಾಸಬಲದಿಂದ ಹೊರಟಿತು. ಅವನು ಅದನ್ನು ತಡೆದು ಹೇಳಿದ. ನಿಂತುಕೊಂಡೇ ಹೇಳಿದ. ಐದು ತಿಂಗಳು, ಸಾಹೇಬರು, ಪಾರ್ಕಿಂಗು. ಇವತ್ತು ನಿನ್ನ ಅಪ್ಪ ನನ್ನನ್ನು ನಂಬಿ ಹೇಳಿದ ಒಂದು ಮಾತನ್ನು ಜನರೆದುರು ಇಟ್ಟೆ, ನನ್ನ ಜಾಗಕ್ಕೆ ಬಂದ ಹುಡುಗಿಯನ್ನು ಬೀಳಿಸುವುದಕ್ಕೆ. ಅವಳೇ ನನ್ನನ್ನು ಉಳಿಸಿದಳು. ಇಷ್ಟನ್ನು ಹೇಳಲು ಎಷ್ಟೋ ಮಾತು ಬೇಕಾಗುತ್ತದೆ ಎಂದುಕೊಂಡಿದ್ದ. ಒಂದು ಷರ್ಟು ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವ ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು.

ಹೆಂಡತಿ ಮಡಿಸುವುದನ್ನು ನಿಲ್ಲಿಸಿದಳು. ಷರ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಯೊಂದನ್ನು ತಿರುವುತ್ತಿದ್ದಳು. “ಐದು ತಿಂಗಳು” ಎಂದಳು. “ದಿನಾ ಸಾಯಂಕಾಲ ಕೇಳ್ತಿದ್ನಲ್ಲ ನಾನು, ಇವತ್ತೇನಾಯ್ತು ಅಂತ. ಅಷ್ಟೂ ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ?” ಆಮೇಲೆ ಅವಳು ಮೂಗು ಒರೆಸಿಕೊಂಡು ಕೇಳಿದಳು: “ಹೇಗಿದ್ದಾಳೆ ಆ ಹುಡುಗಿ?”

ಐದು ತಿಂಗಳಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಒಮ್ಮೆಲೇ ತುಟಿಯವರೆಗೆ ಬಂದವು. ಅವನು ಬಟ್ಟೆಯ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿ ಅವಳ ಹತ್ತಿರ ಕೂತ.

“ಒಳ್ಳೆಯವಳು” ಎಂದ. “ಕೆಲಸ ಗೊತ್ತು.”